ಹೊಸಿಲಿನ ಕಲ್ಲಿನ ಒಂದು ಚೂರು

ಮೂರು ವರ್ಷದ ಹಿಂದೆ, ನಾನು ನೆದರ್ಲೆಂಡ್ಸ್‌ನಲ್ಲಿ ಡ್ರೈವಿಂಗ್ ಟೆಸ್ಟ್ ಪಾಸಾದ ವಾರ ನಡೆದದ್ದಿದು. ಪಾಸಾದದ್ದು ನಾಲ್ಕನೆಯ ಸಲಕ್ಕೆ. ಉಡುಪಿಯ ಬಸ್ಸುಗಳ ನಡುವೆ ಎಂಟು ವರ್ಷ ಕಾರು ಓಡಿಸಿದವಳನ್ನು ಇಲ್ಲಿಯವರು ಮೂರು ಸಲ ಫೇಲ್ ಮಾಡಿದ್ದರು, ಸೈಕಲ್‌ನವರು ಬರುತ್ತಾರೋ ಎಂದು ತಿರುಗಿ ನೋಡಲಿಲ್ಲವಂತೆ. ಹಾಗಾಗಿ ನನ್ನ ಹೆಸರಿನಲ್ಲೊಂದು ಸೆಕೆಂಡ್ ಹ್ಯಾಂಡ್ ಕಾರು ಮನೆ ಮುಂದೆ ಬಂದು ನಿಂತಾಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಾವಿರುವುದು ರಾಟರ್‌ಡ್ಯಾಮ್ ಪಕ್ಕದ ಕಾಪೆಲ್ಲೆಯಲ್ಲಿ, ನದಿಯ ಏರಿಯ ಕೆಳಗೆ. ಉಡುಪಿಯಿಂದ ಅಮ್ಮ ಫೋನಿನಲ್ಲಿ, "ಕಾಯಿ ಒಡೆಯದೆ ಗಾಡಿ ರಸ್ತೆಗೆ ಇಳಿಸ್ಲಿಕ್ಕೆ ಇಲ್ಲ" ಎಂದು ಅಪ್ಪಣೆ ಕೊಟ್ಟರು. ನಮ್ಮ ಮನೆಯಲ್ಲಿ ಹೆಂಗಸರು ಕಾಯಿ ಒಡೆಯುವ ಕ್ರಮವಿಲ್ಲ. ಆದರೆ ನನ್ನ ಗಂಡ ಪ್ರಸನ್ನ ಸೈಕಲ್‌ನಿಂದ ಬಿದ್ದು ಬಲಗೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡಿದ್ದ. ಟೆಸ್ಟ್ ಪಾಸಾದದ್ದು ನೀನು, ಕಾಯಿಯೂ ನೀನೇ ಒಡಿ ಅಂದುಬಿಟ್ಟ.

ಶುಕ್ರವಾರ ಬೆಳಿಗ್ಗೆ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟೆ. ಬಾನೆಟ್ಟಿಗೂ ಕಾಯಿಗೂ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದೆ. ಎಲ್ಲಿ ಒಡೆಯುವುದು? ಫುಟ್‌ಪಾತಿನ ಇಟ್ಟಿಗೆಗಳು ಕಿತ್ತು ಬಂದರೆ ಎಂದು ಭಯ. ಎದುರಿನ ಹುಲ್ಲಿನಲ್ಲಿ ಮೊಣಕಾಲೆತ್ತರದ ಹಳೆಯ ಕಲ್ಲೊಂದಿತ್ತು. ಎರಡು ವರ್ಷದಿಂದ ಅಂಗಡಿಯ ಚೀಲಗಳನ್ನು ಅದರ ಮೇಲಿಟ್ಟು ಬೀಗದ ಕೈ ಹುಡುಕುತ್ತಿದ್ದೆ, ನಮ್ಮ ಮನೆಯದೇ ಕಟ್ಟೆಯೇನೋ ಅನ್ನುವ ಹಾಗೆ. ಅದಕ್ಕೇ ಬಡಿದೆ. ಕಾಯಿ ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾಯಿತು. ಜೊತೆಗೆ ಕಲ್ಲಿನ ಒಂದು ಮೂಲೆಯೂ ಹೆಬ್ಬೆರಳಿನಷ್ಟು ಹಾರಿಹೋಯಿತು.

ಆಗ ಮೊದಲ ಸಲ ಆ ಕಲ್ಲಿನ ಇನ್ನೊಂದು ಬದಿಗೆ ಹೋಗಿ ನೋಡಿದೆ. ನದಿಯ ಕಡೆಗೆ ಒಂದು ಲೋಹದ ಫಲಕವಿತ್ತು. ನನ್ನ ಅರ್ಧಂಬರ್ಧ ಡಚ್‌ನಲ್ಲಿ ಓದಿದೆ. ಈ ಊರಿನಿಂದ ಮೊಟ್ಟಮೊದಲು ದಕ್ಷಿಣ ಅಮೆರಿಕದಲ್ಲಿದ್ದ ಡಚ್ಚರ ಸುರಿನಾಮ್ ವಸಾಹತಿಗೆ ಹಡಗು ಹತ್ತಿ, ಅಲ್ಲಿ ಕಬ್ಬಿನ ತೋಟ ಮಾಡಿದ ಕುಟುಂಬದ ಮನೆ ಇಲ್ಲಿತ್ತು. ಆ ಮನೆಯಲ್ಲಿ ಉಳಿದದ್ದು ಈ ಹೊಸಿಲಿನ ಕಲ್ಲು ಮಾತ್ರ.

ಹೊಸಿಲನ್ನು ತುಳಿದರೆ ಬೈಯುವ ಮನೆಯಲ್ಲಿ ಬೆಳೆದವಳು ನಾನು. ಇನ್ನೊಬ್ಬರ ಹೊಸಿಲನ್ನು ಒಡೆದೇ ಹಾಕಿದ್ದೆ. ಸುತ್ತ ಯಾರೂ ಇರಲಿಲ್ಲ. ಚೂರನ್ನು ಎತ್ತಿಕೊಂಡು ಒಳಗೆ ಓಡಿದೆ. ಕುಂಕುಮ ತಾಗಿದ್ದನ್ನು ಕಸದ ಡಬ್ಬಿಗೆ ಹಾಕಲು ಮನಸ್ಸಾಗದೆ ದೇವರ ಗೂಡಿನಲ್ಲಿಟ್ಟೆ. ನಾಗರಿಕತ್ವಕ್ಕೆ ಅರ್ಜಿ ಹಾಕಿ ಕಾಯ್ತಿದ್ದೀವಿ, ಸ್ಮಾರಕ ಒಡೆದೆ ಅಂತ ಹೇಳ್ಕೊಂಡು ತಿರುಗಬೇಡ ಅಂದ ಪ್ರಸನ್ನ.

ಮಾರನೇ ದಿನ ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ಒಡೆದ ಮೂಲೆಯ ಫೋಟೋ ಬಂತು. ಹಾಕಿದವರು ಕೊನೆಯ ಮನೆಯ ಕೋರಿ ಎಂಬ ಅಜ್ಜಿ. ಎಂಬತ್ತು ದಾಟಿದ ನಿವೃತ್ತ ಟೀಚರ್. ವರ್ಷಗಟ್ಟಲೆ ನಗರಸಭೆಗೆ ಅಲೆದು ಆ ಕಲ್ಲನ್ನು ಅಲ್ಲಿ ನಿಲ್ಲಿಸಿದವರು ಅವರೇ ಎಂದು ಆಗಲೇ ತಿಳಿದದ್ದು. ಶುಕ್ರವಾರ ಮಧ್ಯಾಹ್ನ ಹುಲ್ಲು ಕತ್ತರಿಸಲು ಬಂದವನು ಯಂತ್ರ ತಾಗಿಸಿದ್ದಾನೆ, ನಗರಸಭೆಗೆ ದೂರು ಕೊಡುತ್ತೇನೆ ಎಂದು ಬರೆದಿದ್ದರು. ಕೆಳಗೆ ಒಬ್ಬರು, ಅವನನ್ನು ಈ ಕಡೆ ಕಳಿಸಲೇಬಾರದು ಅಂದಿದ್ದರು. ಹೌದು ಹೌದು ಎಂದು ಹೆಬ್ಬೆರಳುಗಳ ಸಾಲು.

ಫೋಟೋದಲ್ಲಿ ಕಲ್ಲಿನ ಮೇಲೆ ಕುಂಕುಮದ ಕಲೆ ಇರಲಿಲ್ಲ. ಮಳೆ ತೊಳೆದಿರಬೇಕು ಅಂದುಕೊಂಡೆ. ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಮಾಧಾನವೇ. ನಾಚಿಕೆ ಆಮೇಲೆ ಬಂತು. ಹುಲ್ಲು ಕತ್ತರಿಸುವವರು ಕಿವಿಗೆ ದಪ್ಪ ಮುಚ್ಚಳ, ಹಣೆಯ ಮೇಲೆ ಟೋಪಿ ಎಳೆದುಕೊಂಡ ಒಬ್ಬ ಐವತ್ತರ ಮನುಷ್ಯ. ಯಂತ್ರದ ಮೇಲಿಂದಲೇ ನನಗೆ ಕೈ ಬೀಸುತ್ತಿದ್ದರು, ನಾನೂ ಬೀಸುತ್ತಿದ್ದೆ. ಹೆಸರು ಕೇಳಿರಲಿಲ್ಲ.

ಭಾನುವಾರ ಹೇಳುತ್ತೇನೆ ಅಂದುಕೊಂಡೆ, ಹೇಳಲಿಲ್ಲ. ಸೋಮವಾರವೂ ಇಲ್ಲ. ಮಂಗಳವಾರ ಬೆಳಿಗ್ಗೆ ಆಫೀಸಿಗೆಂದು ಕಾರು ತೆಗೆದಾಗ, ಆ ಕಲ್ಲಿನ ಹತ್ತಿರ ಕೋರಿ ಕೋಲೂರಿಕೊಂಡು ನಿಂತಿದ್ದರು. ಎದುರಿಗೆ, ದೂರಿನ ಮೇಲೆ ಕರೆಸಿದ್ದ ಆ ಹುಲ್ಲಿನ ಮನುಷ್ಯ ಟೋಪಿ ಕೈಯಲ್ಲಿ ಹಿಡಿದುಕೊಂಡು, ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿದ್ದರು. ಆ ಟೋಪಿ ನೋಡಿ ನನಗೆ ಗೇರ್ ಹಾಕಲಾಗಲಿಲ್ಲ. ಒಳಗೆ ಹೋಗಿ ಚೂರು ತಂದೆ.

ಕೋರಿಯ ಅಂಗೈಯಲ್ಲಿ ಅದನ್ನಿಟ್ಟು, ಒಡೆದದ್ದು ನಾನು ಅಂದೆ. ಹೇಗೆ ಅಂದರು. ತೆಂಗಿನಕಾಯಿಯಿಂದ ಅಂದೆ. ಅವರು ತಮ್ಮ ಕಿವಿಯ ಯಂತ್ರ ಸರಿಮಾಡಿಕೊಂಡು ಇನ್ನೊಮ್ಮೆ ಕೇಳಿದರು. ಹೊಸ ಗಾಡಿ ತಂದಾಗ ವಿಘ್ನ ಬಾರದಿರಲಿ ಎಂದು ನಾವು ಕಾಯಿ ಒಡೆಯುವುದು, ಫಲಕ ನಾನು ನೋಡದೇ ಇದ್ದದ್ದು, ಮನೆಗೆ ಓಡಿದ್ದು, ಎಲ್ಲ ಹೇಳಿ ಕ್ಷಮೆ ಕೇಳಿದೆ. ಅವರು ನಗಲಿಲ್ಲ.

"ನನ್ನ ಹತ್ತಿರ ಅಲ್ಲ, ಮೊದಲು ಅವರ ಹತ್ತಿರ ಕೇಳು" ಅಂದರು. ನಾನು ಬಾಯಿ ತೆರೆಯುವ ಮೊದಲೇ ಕೋರಿ ಆ ಮನುಷ್ಯನ ಕಡೆ ತಿರುಗಿ, ತಾವೇ ಮೊದಲು ಕ್ಷಮೆ ಕೇಳಿದರು. ಆಮೇಲೆ ನಾನು.

ಆ ಮನುಷ್ಯ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡು, ಪೂಜೆ ಅಂತ ನನಗೆ ಶುಕ್ರವಾರವೇ ಗೊತ್ತಿತ್ತು ಅಂದರು. ಡಚ್ ಮಾತಿನ ನಡುವೆ ಪೂಜೆ ಎಂಬ ಶಬ್ದವನ್ನು ಹಾಗೇ ಅಂದರು. ಕಲ್ಲಿನ ಮೇಲೆ ಕುಂಕುಮ ಇತ್ತು, ಪಕ್ಕದಲ್ಲಿ ಕಾಯಿಯ ಜುಟ್ಟು ಬಿದ್ದಿತ್ತು. ಕುಂಕುಮವನ್ನು ಅವರೇ ಒರೆಸಿದ್ದರಂತೆ. ಅವರ ಹೆಸರು ಹರಿ. ಹುಟ್ಟಿದ್ದು ಸುರಿನಾಮ್‌ನಲ್ಲಿ.

ಗೊತ್ತಿದ್ದೂ ಯಾಕೆ ಬೈಸಿಕೊಂಡಿರಿ ಎಂದು ಕೇಳಿದೆ.

"ಅದು ನಾನು ಹೇಳೋ ಮಾತಲ್ಲ. ಮಾಡಿದವರು ಬಂದು ಹೇಳ್ತಾರೆ ಅಂತ ಕಾದೆ" ಅಂದರು.

ಹರಿ ಫಲಕದ ಮೇಲಿನ ಹುಲ್ಲಿನ ಎಸಳೊಂದನ್ನು ತೆಗೆದು, "ನಮ್ಮ ಅಜ್ಜಿಯ ಅಜ್ಜನನ್ನ ಕಲ್ಕತ್ತಾದಿಂದ ಹಡಗು ಹತ್ತಿಸಿದ್ದು ಸುರಿನಾಮ್‌ನ ಕಬ್ಬು ಕಡಿಯೋಕೆ. ಈ ಮನೆಯವರದು ಹೊಸಿಲಾದರೂ ಉಳಿದಿದೆ. ನಮ್ಮವರ ಮನೆ ಯಾವ ಊರಲ್ಲಿತ್ತು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಕೋರಿ ಕನ್ನಡಕ ಹಾಕಿಕೊಂಡು, ತಾವೇ ಬರೆಸಿದ ಫಲಕವನ್ನು ಮೊದಲ ಸಲವೆಂಬಂತೆ ಓದತೊಡಗಿದರು.

ಚೂರನ್ನು ಹರಿಯೇ ಅಂಟಿಸಿದರು. ಕೂಡಿದ ಗೆರೆ ಈಗಲೂ ಕಾಣುತ್ತದೆ. ನನ್ನ ನಾಗರಿಕತ್ವಕ್ಕೆ ಏನೂ ಆಗಲಿಲ್ಲ, ಬಂತು. ಪ್ರತಿ ವರ್ಷ ಆಯುಧಪೂಜೆಗೆ ಕಾಯಿಯನ್ನು ಈಗ ನಮ್ಮ ಮೆಟ್ಟಿಲಿಗೇ ಒಡೆಯುತ್ತೇನೆ. ಒಂದು ಹೋಳು ಹರಿಯ ಮನೆಗೆ ಹೋಗುತ್ತದೆ. ಆದರೆ ಆ ನಾಲ್ಕು ದಿನ ನೆನಪಾದಾಗ ಈಗಲೂ ಮುಖ ಬಿಸಿಯಾಗುತ್ತದೆ. ಆ ಬೆಳಿಗ್ಗೆ ನಾನು ಗೇರ್ ಹಾಕಿ ಹೊರಟುಬಿಟ್ಟಿದ್ದರೆ?

ಹೋದ ವರ್ಷ ಕಾಯಿ ಕೊಡುವಾಗ ಧೈರ್ಯ ಮಾಡಿ ಕೇಳಿದೆ, ನಾನು ಬರದೇ ಇದ್ದಿದ್ದರೆ ಎಷ್ಟು ದಿನ ಕಾಯುತ್ತಿದ್ದಿರಿ ಎಂದು.

ಹರಿ ನಕ್ಕರು. "ಹುಲ್ಲು ಬೆಳೀತಾನೇ ಇರುತ್ತಲ್ಲ. ಎರಡು ವಾರಕ್ಕೊಮ್ಮೆ ನಾನು ಬರಲೇಬೇಕಿತ್ತು" ಅಂದರು.