ಅಂಜನಪ್ಪನ ಅಳತೆ

ರಿಪ್ಪನ್‌ಪೇಟೆಯ ಬಸ್ ಏಜೆಂಟ್ ಅಂಜನಪ್ಪ ದೀಪಾವಳಿಯಿಂದ ಕರಗುತ್ತಲೇ ಇದ್ದಾನೆ. ಟೈಲರ್ ಟೈಟ್ ಮಾಡಿಕೊಟ್ಟ ಪ್ಯಾಂಟು ಮನೆ ಮುಟ್ಟುವಷ್ಟರಲ್ಲಿ ಮತ್ತೆ ಸಡಿಲ. ಬೆಲ್ಟಿನಲ್ಲಿ ಇನ್ನೊಂದು ತೂತಿಗೆ ಜಾಗವಿಲ್ಲ. ಎಡಗೈಯಲ್ಲಿ ಪ್ಯಾಂಟಿನ ಸೊಂಟ ಹಿಡಿದು, ಬಲಗೈ ಬೀಸಿ "ಸಾಗರ, ಸಾಗರ" ಎಂದು ಕೂಗುತ್ತಾನೆ. "ಎಂತ ಮಾರಾಯಾ, ಇಷ್ಟು ಸಣ್ಣ ಆಗ್ಬಿಟ್ಯಲ್ಲ" ಎಂದರೆ, "ಅನ್ನ ಬಿಟ್ಟೆ, ಶುಗರ್ ಬರಬಾರ್ದಲ್ಲ" ಎಂದು ನಗುತ್ತಾನೆ. ಹೊಸ ಬಟ್ಟೆಯೂ ವಾರದೊಳಗೆ ಜೋತುಬೀಳುವುದರಿಂದ ಈಗ ಕಾಲೇಜಿಗೆ ಹೋಗುವ ಮಗನ ಟೀಶರ್ಟು, ಪ್ಯಾಂಟನ್ನೇ ತೊಡುತ್ತಾನೆ. ನಿನ್ನೆ ಆ ಬಟ್ಟೆಯಲ್ಲಿ ಬಚ್ಚಲ ಒಲೆಯ ಮುಂದೆ ಕೂತಿದ್ದಾಗ, ಹಿಂದಿನಿಂದ ಬಂದ ಹೆಂಡತಿ ಹೂವಮ್ಮ ಮಗನೆಂದೇ ತಿಳಿದು, "ಡಾಕ್ಟ್ರು ಕೈಬಿಟ್ಟಿದ್ದು ಅಪ್ಪಂಗೆ ಹೇಳ್ಬೇಡ ಮಗಾ" ಎಂದಳು. ಅಂಜನಪ್ಪ ತಿರುಗಿ ನೋಡದೆ, ಆಯ್ತೆಂದು ತಲೆಯಾಡಿಸಿದ.