ಉಪದೇಶಿ ದಾನಿಯೇಲಪ್ಪನ ಹೋಳಿಗೆ

೧೯೬೪ರ ಶ್ರಾವಣದ ಮೊದಲ ಸೋಮವಾರ ತಿಕೋಟಾದ ಚರ್ಚಿನ ಉಪದೇಶಿ ದಾನಿಯೇಲಪ್ಪ ತೀರಿಕೊಂಡ. ಬಬಲೇಶ್ವರಕ್ಕೆ ಪ್ರಾರ್ಥನೆಗೆ ಹೊರಟರೆ, ಕರೆದವರ ಮನೆಯಲ್ಲೆಲ್ಲ ಉಣ್ಣುತ್ತಿದ್ದ. ಹೋಳಿಗೆಯ ವಾಸನೆಗೆ ಅವನ ಸೈಕಲ್ಲೇ ನಿಲ್ಲುತ್ತದೆ ಎಂದು ಊರು ನಗುತ್ತಿತ್ತು. ಮೂರ್ತಿಗೆ ನೈವೇದ್ಯ ಹಿಡಿದದ್ದೆಂದು ಗೊತ್ತಾದರೆ ಮಾತ್ರ ಕ್ರೈಸ್ತನಾದ ಅವನು ತಿನ್ನುವಂತಿರಲಿಲ್ಲ. ಅದಕ್ಕೇ ವಿಚಾರಿಸುತ್ತಿರಲಿಲ್ಲ. "ಮೊದಲಿನ ಕ್ರೈಸ್ತರೂ ಹಿಂಗ ಕೇಳದನ ಉಣ್ಣತಿದ್ರೋ. ಕೇಳಿಕೋತ ಕುಂತ್ರ ಮಂದಿ ಜೋಡಿ ಬಾಳೂದು ಹೆಂಗ?" ಎಂದು ಜೊತೆಗೆ ಹೋಗುತ್ತಿದ್ದ ನನಗೆ ಹೇಳುತ್ತಿದ್ದ. ನೆರೆಮನೆಯ ಮುರಿಗೆವ್ವ ಹಬ್ಬಕ್ಕೆ ಹೋಳಿಗೆ ತಂದರೆ, "ಯಾವ ದೇವರಿಗೆ ಹಿಡದಿ ಅಂತ ಹೇಳಬ್ಯಾಡ ಬೇ, ಹೇಳಿದ್ರ ನನ್ನ ಬಾಯಿಗೆ ಬೀಗ!" ಎಂದು ಒಳಗಿನಿಂದಲೇ ಕೂಗುತ್ತಿದ್ದ. "ನಾ ಏನೂ ಹೇಳಿಲ್ಲ, ತಿನ್ನೋ ಕಳ್ಳ ಉಪದೇಶಿ" ಎನ್ನುತ್ತಿದ್ದಳು ಆಕೆ. ಅವನು ತೀರಿಕೊಂಡ ಆ ಸೋಮವಾರ ಬೆಳಿಗ್ಗೆ ಮಾತ್ರ, ಜಡ್ಡಾಗಿ ಮಲಗಿದ್ದ ಅವನ ಹಾಸಿಗೆಯ ಬಳಿ ಹೋಳಿಗೆ ಹಿಡಿದು ಕೂತು ಅಳುತ್ತ ಹೇಳಿಯೇಬಿಟ್ಟಳು: "ನೀ ಉಳೀಬೇಕಂತ ಬಸವಣ್ಣಗ ನೈವೇದ್ಯ ಹಿಡದು ತಂದೀನಿ, ಯಪ್ಪಾ." ನಾನು ಅವನ ಮುಖ ನೋಡಿದೆ. ದಾನಿಯೇಲಪ್ಪ ಆಕೆಯ ಕೈಯಿಂದಲೇ ಒಂದು ತುತ್ತು ತಿಂದ.