ಬಾಹ್ಯಾಕಾಶ ನಿಲ್ದಾಣಕ್ಕೆ ಅಡ್ಡ ಬಂದ ತೆಂಗಿನ ಗರಿ

ಗೆಳೆಯರೇ, ಬಾಹ್ಯಾಕಾಶ ನಿಲ್ದಾಣ ಹಾದುಹೋಗುವುದನ್ನು ತೋರಿಸುತ್ತೇನೆಂದು ಇವತ್ತು ಸಂಜೆ ಗುಬ್ಬಿಯ ನಮ್ಮ ತಾರಸಿಗೆ ಪಕ್ಕದ ಮನೆಯ ರಾಜಣ್ಣ ದಂಪತಿಯನ್ನು ಕರೆದಿದ್ದೆ. ಇದೇ ರಾಜಣ್ಣನವರ ತೆಂಗಿನಮರ ನಮ್ಮ ತಾರಸಿಯ ಮೇಲೆ ಬಾಗಿಕೊಂಡಿದೆ. ಹೋದ ವಾರ ಗರಿಯೊಂದು ಬಿದ್ದು ನಮ್ಮ ಸೋಲಾರ್ ಪೈಪ್ ಮುರಿಯಿತು. ಕಡಿಸಿ ಎಂದರೆ, "ಹಸಿ ಗರಿ ಕಡುದ್ರೆ ಫಸಲು ಕಮ್ಮಿ ಆಯ್ತದೆ, ಸುಮ್ನಿರಿ ಸಾರ್" ಎನ್ನುತ್ತಾರೆ.

ಕುರ್ಚಿ ಹಾಕಿ ಕೂರಿಸಿದೆ. ಆ್ಯಪ್ ಹೇಳಿದ ಹೊತ್ತಿಗೆ ಸರಿಯಾಗಿ, "ಬಂತು, ದಕ್ಷಿಣಕ್ಕೆ ನೋಡಿ!" ಎಂದು ಕೂಗಿದೆ.

"ಎಲ್ರೀ? ಬರೀ ಗರಿ ಕಾಣ್ತೈತೆ," ಎಂದರು ಅವರ ಹೆಂಡತಿ ಶಾಂತಕ್ಕ.

"ಗರಿ ಹಿಂದೇನೇ ಹೋಗ್ತಿದೆ ಶಾಂತಕ್ಕ."

ರಾಜಣ್ಣ ಏಳಲು ಹೊರಟರು. "ಅಲ್ಲೇ ಕೂತಿರಿ, ಎದ್ರೆ ತಪ್ಪೋಗುತ್ತೆ" ಎಂದೆ. ಪಾಪ, ಕೂತಲ್ಲೇ ಕುತ್ತಿಗೆ ಹೊರಳಿಸಿದರು. ಅಷ್ಟರಲ್ಲಿ ಅದು ಹೋಗಿಯೇಬಿಟ್ಟಿತು.

ಶಾಂತಕ್ಕ ಗಂಡನ ಕಡೆ ತಿರುಗಿದರು. "ಆಕಾಶದಾಗೆ ಮನುಷ್ಯರು ಹೋಯ್ತಾ ಅವ್ರೆ, ನಿಮ್ಮ ಗರಿ ದೆಸೆಯಿಂದ ನೋಡಕ್ಕಾಗ್ನಿಲ್ಲ! ನಾಳೆ ಬೆಳಿಗ್ಗೇನೇ ಮರ ಹತ್ತೋನ್ನ ಕರ್ಸಿ, ಇಲ್ದಿದ್ರೆ ಕಾಫಿ ಇಲ್ಲ."

"ಆಯ್ತು ಕಣೇ, ಕಡಿಸ್ತೀನಿ ಬುಡು."

ನಾನು ನೀರಿನ ಟ್ಯಾಂಕಿನ ಪಕ್ಕ ನಿಂತು ನಿಲ್ದಾಣವನ್ನು ಕೊನೆಯವರೆಗೂ ಕಣ್ತುಂಬ ನೋಡಿದ್ದೆ. ಮಿನುಗದೆ, ಸದ್ದಿಲ್ಲದೆ ಸಾಗುವ ಚುಕ್ಕಿ, ಎಷ್ಟು ಚೆಂದ! ಟ್ಯಾಂಕಿನ ಬಳಿ ಗರಿ ಅಡ್ಡ ಬರುವುದಿಲ್ಲ. ಕುರ್ಚಿಗಳನ್ನು ಎಲ್ಲಿ ಹಾಕಬೇಕೆಂದು ಮಧ್ಯಾಹ್ನವೇ ಕೂತು ನೋಡಿಟ್ಟುಕೊಂಡಿದ್ದೆ.

ರಾಜಣ್ಣ ನನ್ನ ಈ ಪೋಸ್ಟ್‌ಗಳ ಕಡೆ ಇಣುಕುವವರಲ್ಲ. ಇಣುಕುವ ನೀವು, ನಾಳೆ ಗರಿ ಕೆಳಗೆ ಬೀಳುವತನಕ ಬಾಯಿ ಬಿಡಬೇಡಿ.